ಫೋನಿನಲ್ಲಿ ಕೆಲಸದ ಹುಡುಕಾಟ: ಮಂಗಳೂರು, ಉಡುಪಿಯ ಉದ್ಯೋಗಾಕಾಂಕ್ಷಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ಭಾನುವಾರಗಳಂದು ಉಡುಪಿ ಸಮೀಪದ ಗ್ರಾಮ ಪಂಚಾಯಿತಿ ಗ್ರಂಥಾಲಯವೊಂದರಲ್ಲಿ ಕುಳಿತು, ಕೆಲಸ ಹುಡುಕುವವರ ಅರ್ಜಿ ಮತ್ತು ಬಯೋಡಾಟಾಗಳನ್ನು ನೋಡಿಕೊಡುವುದು ನನಗೆ ರೂಢಿಯಾಗಿದೆ. ಅಲ್ಲಿಗೆ ಬರುವವರಲ್ಲಿ ಲ್ಯಾಪ್‌ಟಾಪ್ ಇರುವವರು ಬೆರಳೆಣಿಕೆಯಷ್ಟು. ಫೋನು ಇಲ್ಲದವರು ಯಾರೂ ಇಲ್ಲ. ಅವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನೂ ನಾನು ಕೊಟ್ಟ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ನನ್ನಲ್ಲಿ ಕಂಪ್ಯೂಟರ್ ಇಲ್ಲ. ಫೋನಿನಿಂದಲೇ ಪೂರ್ತಿ ಹುಡುಕಾಟ ನಡೆಸಬಹುದೇ?

ಬಹುಪಾಲು ನಡೆಸಬಹುದು. ಕೆಲಸದ ಜಾಹೀರಾತು ನೋಡುವುದು, ಬಯೋಡಾಟಾ ಸಿದ್ಧಪಡಿಸುವುದು, ಅರ್ಜಿ ಕಳುಹಿಸುವುದು, ಸಂದರ್ಶನಕ್ಕೆ ಹಾಜರಾಗುವುದು ಇವೆಲ್ಲವೂ ಸಾಧಾರಣ ಫೋನಿನಲ್ಲಿ ಆಗುತ್ತವೆ. ಕೆಲವು ನೇಮಕಾತಿ ಅರ್ಜಿಗಳ ಉದ್ದದ ನಮೂನೆಗಳು ಮತ್ತು ಕ್ಯಾಮೆರಾ ಇಟ್ಟು ನಡೆಸುವ ಆನ್‌ಲೈನ್ ಪರೀಕ್ಷೆಗಳು ಮಾತ್ರ ಚಿಕ್ಕ ಪರದೆಯಲ್ಲಿ ತೊಡಕು ಕೊಡುತ್ತವೆ. ಅಂಥ ದಿನ ಸೈಬರ್‌ಗೋ ಗ್ರಾಮ ಒನ್ ಕೇಂದ್ರಕ್ಕೋ ಹೋಗುವುದರಲ್ಲಿ ತಪ್ಪೇನಿಲ್ಲ.

ಆದರೆ ಅಲ್ಲಿಗೆ ಹೋದಾಗ ಒಂದು ವಿಷಯದಲ್ಲಿ ಎಚ್ಚರ ಬೇಕು. ಅವಸರದಲ್ಲಿ ಅರ್ಜಿ ತುಂಬಿಕೊಡುವವರು ತಮ್ಮದೇ ಇ-ಮೇಲ್ ವಿಳಾಸವನ್ನು ಹಾಕುವುದುಂಟು, ಇಲ್ಲವೇ ಅಲ್ಲೇ ಹೊಸದೊಂದನ್ನು ಸೃಷ್ಟಿಸಿ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಡುವುದುಂಟು. ಹೆಬ್ರಿ ಕಡೆಯ ಹುಡುಗನೊಬ್ಬ ಪರೀಕ್ಷೆಗೆ ಅರ್ಜಿ ಹಾಕಿ ಐದು ತಿಂಗಳು ಕಾದಿದ್ದ. ಹಾಲ್ ಟಿಕೆಟ್ ಬಂದದ್ದು ಅವನು ಎಂದೂ ತೆರೆಯದ ವಿಳಾಸಕ್ಕೆ, ಚೀಟಿ ಮಳೆಯಲ್ಲಿ ಒದ್ದೆಯಾಗಿ ಹೋಗಿತ್ತು. ಅರ್ಜಿಯನ್ನು ಯಾರು ತುಂಬಿದರೂ ಸರಿ, ಅದರಲ್ಲಿರುವ ಫೋನ್ ಸಂಖ್ಯೆ ಮತ್ತು ಇ-ಮೇಲ್ ನಿಮ್ಮವೇ ಆಗಿರಬೇಕು, ಅರ್ಜಿ ಸಂಖ್ಯೆ ಕಾಣುವ ಪುಟದ ಸ್ಕ್ರೀನ್‌ಶಾಟ್ ನಿಮ್ಮ ಫೋನಿನಲ್ಲಿರಬೇಕು, ಎದ್ದು ಬರುವ ಮೊದಲು ಅಲ್ಲಿಯ ಕಂಪ್ಯೂಟರಿನಿಂದ ನಿಮ್ಮ ಖಾತೆಯನ್ನು ಲಾಗ್ ಔಟ್ ಮಾಡಿಸಿರಬೇಕು.

ಹುಡುಕಲು ತೊಡಗುವ ಮೊದಲು ಫೋನಿನಲ್ಲಿ ಏನೇನು ಸಿದ್ಧವಿರಬೇಕು?

ಮೊದಲನೆಯದು, ಒಂದೇ ಸ್ಥಿರವಾದ ಮೊಬೈಲ್ ಸಂಖ್ಯೆ. ಆಫರ್ ಮುಗಿಯಿತೆಂದು ಸಿಮ್ ಬದಲಿಸುವ ಅಭ್ಯಾಸ ಇದ್ದರೆ ಹುಡುಕಾಟ ಮುಗಿಯುವವರೆಗೆ ಅದನ್ನು ಬದಿಗಿಡಿ. ಆ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿದ್ದರೆ ಅರ್ಧ ಕೆಲಸ ಹಗುರ, ಏಕೆಂದರೆ ಸರ್ಕಾರಿ ಸೇವೆಗಳ ಒಟಿಪಿ ಬರುವುದು ಅಲ್ಲಿಗೇ. ಎರಡನೆಯದು, ನಿಮ್ಮ ಹೆಸರೇ ಇರುವ ಸರಳವಾದ ಇ-ಮೇಲ್ ವಿಳಾಸ. ಕಾಲೇಜಿನ ದಿನಗಳಲ್ಲಿ ತಮಾಷೆಗೆ ಮಾಡಿಕೊಂಡ ವಿಳಾಸ ಕೆಲಸ ಕೊಡುವವರ ಮುಂದೆ ಚೆನ್ನಾಗಿ ಕಾಣುವುದಿಲ್ಲ.

ಮೂರನೆಯದು ಡಿಜಿಲಾಕರ್. ದಾಖಲೆಗಳನ್ನು ಫೋನಿನಲ್ಲೇ ಇಟ್ಟುಕೊಳ್ಳಲು 2015ರಲ್ಲಿ ಆರಂಭವಾದ ಈ ಸರ್ಕಾರಿ ಸೇವೆಯಲ್ಲಿ ನೀಡುವ ಸಂಸ್ಥೆಯಿಂದಲೇ ನೇರವಾಗಿ ಬಂದ ದಾಖಲೆಗೆ ಮೂಲ ಪ್ರತಿಯಷ್ಟೇ ಕಾನೂನು ಮಾನ್ಯತೆ ಇದೆ. ನೀವೇ ಫೋಟೊ ತೆಗೆದು ಅಲ್ಲಿ ಏರಿಸಿಟ್ಟ ಪ್ರತಿಗೆ ಆ ಮಾನ್ಯತೆ ಇಲ್ಲ. ಇವೆರಡನ್ನೂ ಒಂದೇ ಎಂದು ತಿಳಿದವರು ಬಹಳ ಮಂದಿ. ನಾಲ್ಕನೆಯದು, ಬಿಳಿ ಹಿನ್ನೆಲೆಯ ಭಾವಚಿತ್ರ ಮತ್ತು ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಮಾಡಿದ ಸಹಿಯ ಚಿತ್ರ. ಪ್ರತಿ ಅರ್ಜಿಯೂ ಇಷ್ಟು ಕೆಬಿಯೊಳಗೆ ಇರಬೇಕೆಂದು ಕೇಳುವುದರಿಂದ ದೊಡ್ಡದೊಂದು, ಕುಗ್ಗಿಸಿದ್ದೊಂದು ಎಂದು ಎರಡು ಪ್ರತಿಗಳನ್ನು ಇಟ್ಟುಕೊಳ್ಳಿ.

ಇನ್ನು ಹೆಸರಿನ ವಿಷಯ. ನಮ್ಮ ಕಡೆ ಇದು ದೊಡ್ಡ ತಲೆನೋವು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಶಿಯಲ್ ಇರುತ್ತದೆ, ಆಧಾರ್‌ನಲ್ಲಿ ಶೆಟ್ಟಿ, ಪೂಜಾರಿ, ನಾಯಕ್, ಡಿಸೋಜ ಎಂದು ಕುಲನಾಮ ಸೇರಿರುತ್ತದೆ, ಪ್ಯಾನ್‌ನಲ್ಲಿ ತಂದೆಯ ಹೆಸರು ನಡುವೆ ಬಂದಿರುತ್ತದೆ. ನೇಮಕಾತಿಯ ಕೊನೆಯ ಹಂತದ ದಾಖಲೆ ಪರಿಶೀಲನೆಯಲ್ಲಿ ಇದು ಎದುರಾದರೆ ಪಡುವ ಪಾಡು ಅಷ್ಟಿಷ್ಟಲ್ಲ. ಎಸ್ಸೆಸ್ಸೆಲ್ಸಿ ದಾಖಲೆಯನ್ನೇ ಮೂಲವೆಂದು ಇಟ್ಟುಕೊಂಡು, ಉಳಿದವನ್ನು ಅದಕ್ಕೆ ಸರಿಹೊಂದಿಸುವ ಕೆಲಸವನ್ನು ಈಗಲೇ, ಕೆಲಸವಿಲ್ಲದೆ ಬಿಡುವಾಗಿರುವ ಈ ದಿನಗಳಲ್ಲೇ, ಮಾಡಿ ಮುಗಿಸಿ.

ಬಯೋಡಾಟಾವನ್ನು ಫೋನಿನಲ್ಲೇ ತಯಾರಿಸುವುದು ಹೇಗೆ?

ಗೂಗಲ್ ಡಾಕ್ಸ್ ಆ್ಯಪ್ ಸಾಕು. ಟೈಪ್ ಮಾಡುವುದು ಕಷ್ಟವೆನಿಸಿದರೆ ಕೀಲಿಮಣೆಯಲ್ಲಿರುವ ಮೈಕಿನ ಗುರುತನ್ನು ಒತ್ತಿ ಮಾತನಾಡಿ, ಆಮೇಲೆ ತಿದ್ದಿಕೊಳ್ಳಿ. ಮುಗಿದ ಮೇಲೆ ಪಿಡಿಎಫ್ ಆಗಿ ಉಳಿಸಿ ಅದನ್ನೇ ಕಳುಹಿಸಿ. ಬೇರೆ ರೂಪದಲ್ಲಿ ಕಳುಹಿಸಿದರೆ ಎದುರಿನವರ ಫೋನಿನಲ್ಲಿ ಸಾಲುಗಳು ಅಡ್ಡಾದಿಡ್ಡಿಯಾಗುತ್ತವೆ. ಕಡತಕ್ಕೆ ನಿಮ್ಮ ಹೆಸರನ್ನೂ ಕೆಲಸದ ಹೆಸರನ್ನೂ ಇಡಿ. ‘ರೆಸ್ಯೂಮ್ ಫೈನಲ್ 3’ ಎಂಬ ಹೆಸರಿನ ನೂರು ಕಡತಗಳು ಅವರಲ್ಲಿ ಈಗಾಗಲೇ ಇರುತ್ತವೆ.

ಹೊಸಬರಿಗೆ ಒಂದು ಪುಟ ಧಾರಾಳ. ಮದುವೆಯ ಜಾತಕದಂತೆ ಜಾತಿ, ಗೋತ್ರ, ತಂದೆಯ ಉದ್ಯೋಗ, ಒಡಹುಟ್ಟಿದವರ ಸಂಖ್ಯೆ ಬರೆಯಬೇಕಾಗಿಲ್ಲ. ನಮ್ಮವರು ಸಾಮಾನ್ಯವಾಗಿ ಬರೆಯದೇ ಬಿಡುವ ಸಂಗತಿ ಭಾಷೆಗಳದ್ದು. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಟಿವಿಯಿಂದ ಹಿಂದಿ, ನೆರೆಯಿಂದ ಮಲಯಾಳ ಎಂದು ಐದಾರು ಭಾಷೆ ಬಲ್ಲವರು ಇಲ್ಲಿ ಸಾಮಾನ್ಯ. ಅದೇನು ದೊಡ್ಡ ವಿಷಯ ಎಂಬ ಭಾವನೆ ಅವರಿಗೆ. ಕಾಸರಗೋಡಿನಿಂದಲೂ ಘಟ್ಟದ ಮೇಲಿನಿಂದಲೂ ರೋಗಿಗಳು ಬರುವ ಮಂಗಳೂರು ಮತ್ತು ಮಣಿಪಾಲದ ಆಸ್ಪತ್ರೆಗಳಲ್ಲಿ ಸ್ವಾಗತ ವಿಭಾಗದ ಕೆಲಸಕ್ಕೆ ಅಥವಾ ಬಂಗಾರದ ಅಂಗಡಿಯ ಕೌಂಟರಿಗೆ ಇದಕ್ಕಿಂತ ಒಳ್ಳೆಯ ಅರ್ಹತೆ ಯಾವುದು? ಮಾತನಾಡಲು ಯಾವುದು, ಬರೆಯಲು ಯಾವುದು ಎಂಬುದನ್ನು ಬಿಡಿಸಿ ಬರೆಯಿರಿ.

ಯಾವ ಆ್ಯಪ್‌ನಲ್ಲಿ ಹುಡುಕಬೇಕು?

ಕೇಂದ್ರ ಕಾರ್ಮಿಕ ಸಚಿವಾಲಯದ ರಾಷ್ಟ್ರೀಯ ವೃತ್ತಿ ಸೇವೆ, ಅಂದರೆ ಎನ್‌ಸಿಎಸ್, 2015ರ ಜುಲೈನಲ್ಲಿ ಆರಂಭವಾದ ಉಚಿತ ತಾಣ. ಕೆಲಸದ ಪಟ್ಟಿಯ ಜೊತೆಗೆ ಉದ್ಯೋಗ ಮೇಳಗಳ ಮಾಹಿತಿ ಮತ್ತು ವೃತ್ತಿ ಮಾರ್ಗದರ್ಶನವೂ ಅಲ್ಲಿ ಸಿಗುತ್ತದೆ. ರಾಜ್ಯ ಸರ್ಕಾರದ ಸ್ಕಿಲ್ ಕನೆಕ್ಟ್ ತಾಣದಲ್ಲಿ ಕರ್ನಾಟಕದೊಳಗಿನ ಕೆಲಸಗಳು ಮತ್ತು ತರಬೇತಿಗಳ ವಿವರ ಇರುತ್ತದೆ. ಖಾಸಗಿಯವುಗಳಲ್ಲಿ ನೌಕ್ರಿ 1997ರಿಂದಲೂ ಇರುವಂಥದ್ದು. ಕಚೇರಿ ಕೆಲಸಗಳಿಗೆ ಲಿಂಕ್ಡ್‌ಇನ್, ಮಾರಾಟ ಅಥವಾ ಡೆಲಿವರಿಯಂಥ ಕೆಲಸಗಳಿಗೆ ಅಪ್ನಾ ಹೆಚ್ಚು ಬಳಕೆಯಲ್ಲಿವೆ. ಎಲ್ಲವನ್ನೂ ಹಾಕಿಕೊಂಡರೆ ದಿನವಿಡೀ ಸೂಚನೆಗಳ ಸದ್ದೇ ಹೊರತು ಅರ್ಜಿ ಹೋಗುವುದಿಲ್ಲ. ಒಂದು ಸರ್ಕಾರಿ, ಒಂದು ಖಾಸಗಿ ತಾಣವನ್ನು ಆರಿಸಿಕೊಂಡು ಅವುಗಳಲ್ಲಿ ವಿವರವನ್ನು ಪೂರ್ಣವಾಗಿ ತುಂಬುವುದು ಮೇಲು.

ಇಷ್ಟಾದರೂ ನಮ್ಮ ಊರಿನ ಬಹಳಷ್ಟು ಕೆಲಸಗಳು ಯಾವ ಆ್ಯಪ್‌ಗೂ ಬರುವುದಿಲ್ಲ ಎಂಬುದನ್ನು ಮರೆಯಬಾರದು. ಬೈಕಂಪಾಡಿಯ ಕಾರ್ಖಾನೆಗಳ ಗೇಟಿನ ಬಳಿಯ ಫಲಕ, ಹಂಪನಕಟ್ಟೆಯ ಅಂಗಡಿಗಳ ಗಾಜಿಗೆ ಅಂಟಿಸಿದ ‘ಜನ ಬೇಕಾಗಿದ್ದಾರೆ’ ಚೀಟಿ, ಮಲ್ಪೆಯ ಐಸ್ ಪ್ಲಾಂಟ್‌ಗಳ ಬಾಯಿಮಾತು ಇವು ಇಂದಿಗೂ ಜೀವಂತ. ಇಲ್ಲಿ ಫೋನು ಬೇರೆ ರೀತಿ ಉಪಯೋಗಕ್ಕೆ ಬರುತ್ತದೆ: ಚೀಟಿಯ ಫೋಟೊ ತೆಗೆದುಕೊಳ್ಳಿ, ಸಂಜೆಯೊಳಗೆ ಕರೆ ಮಾಡಿ. ಮೂಡುಬಿದಿರೆಯ ‘ಆಳ್ವಾಸ್ ಪ್ರಗತಿ’ಯಂಥ ಉದ್ಯೋಗ ಮೇಳಗಳಿಗೆ ಮೊದಲೇ ಆನ್‌ಲೈನ್ ನೋಂದಣಿ ಮಾಡಿಕೊಂಡು ಹೋದರೆ ಸಾಲಿನಲ್ಲಿ ನಿಂತು ನಮೂನೆ ತುಂಬುವ ಸಮಯ ಉಳಿಯುತ್ತದೆ. ಬಯೋಡಾಟಾದ ಕಾಗದದ ಪ್ರತಿಗಳನ್ನು ಮಾತ್ರ ಕೈಯಲ್ಲಿ ಕೊಂಡೊಯ್ಯಲೇಬೇಕು.

‘ಮಂಗಳೂರು’ ಎಂದು ಹುಡುಕಿದರೆ ದೂರದ ಕೆಲಸಗಳೂ ಬರುತ್ತವೆ. ಏನು ಮಾಡಬೇಕು?

ಆ್ಯಪ್‌ಗೆ ಮಂಗಳೂರು ಎಂದರೆ ಸುರತ್ಕಲ್ಲೂ ಒಂದೇ, ಮುಡಿಪೂ ಒಂದೇ. ಕಾರ್ಕಳದ ಒಳಊರಿನಿಂದ ದಿನಾ ಹೋಗಿ ಬರಬೇಕಾದವರಿಗೆ ಅವು ಒಂದೇ ಅಲ್ಲ. ಆದ್ದರಿಂದ ಸಂಬಳದ ಅಂಕಿ ನೋಡುವ ಮೊದಲು ಮ್ಯಾಪ್‌ನಲ್ಲಿ ಕೆಲಸದ ಸ್ಥಳವನ್ನು ಗುರುತಿಸಿ, ಶಿಫ್ಟ್ ಮುಗಿಯುವ ಹೊತ್ತಿಗೆ ನಿಮ್ಮ ಊರಿನ ಕೊನೆಯ ಬಸ್ಸು ಸಿಗುತ್ತದೆಯೇ ಎಂದು ನೋಡಿಕೊಳ್ಳಿ. ಮ್ಯಾಪ್ ಹೇಳುವ ಬಸ್ಸಿನ ಸಮಯವನ್ನು ನಂಬಬೇಡಿ, ಕಂಡಕ್ಟರನ್ನು ಕೇಳಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾದರೂ ಕರಾವಳಿಯ ಹೆಚ್ಚಿನ ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ; ಹಾಗಾಗಿ ತಿಂಗಳ ಬಸ್ ಖರ್ಚನ್ನು ಕಳೆದು ಉಳಿಯುವ ಸಂಬಳವೆಷ್ಟು ಎಂಬ ಲೆಕ್ಕ ಇಲ್ಲಿನ ಹೆಣ್ಣುಮಕ್ಕಳಿಗೆ ಇನ್ನೂ ತಪ್ಪಿಲ್ಲ.

ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ನೋಂದಾಯಿಸುವುದು ಈಗಲೂ ಬೇಕೇ?

ನೋಂದಾಯಿಸಿದರೆ ನಷ್ಟವಿಲ್ಲ. ಎನ್‌ಸಿಎಸ್ ತಾಣದ ಮೂಲಕ ಫೋನಿನಲ್ಲೇ ನೋಂದಣಿ ಆಗುತ್ತದೆ. ಆದರೆ ಕಾರ್ಡ್ ಮಾಡಿಸಿ ಮನೆಯಲ್ಲಿ ಕುಳಿತರೆ ಕರೆ ಬರುತ್ತದೆ ಎಂದು ನಮ್ಮ ತಲೆಮಾರಿನವರು ನಂಬಿದ್ದಂತೆ ನೀವು ನಂಬಬೇಡಿ.

ಬ್ಯಾಂಕ್ ಮತ್ತು ಸರ್ಕಾರಿ ಪರೀಕ್ಷೆಗಳಿಗೆ ಫೋನಿನಲ್ಲಿ ತಯಾರಿ ನಡೆಸಬಹುದೇ?

ನಡೆಸಬಹುದು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಹೀಗೆ ಐದು ಬ್ಯಾಂಕುಗಳು ಹುಟ್ಟಿದ ನೆಲವಿದು. ಪರಿಚಯದವರ ಮಾತಿನ ಮೇಲೆ ಬ್ಯಾಂಕ್ ಸೇರಿದವರ ಕಥೆಗಳನ್ನು ಮನೆಯ ಹಿರಿಯರಿಂದ ನೀವು ಕೇಳಿರಬಹುದು. ಆ ಕಾಲ ಮುಗಿದಿದೆ. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತ ಮತ್ತು ಅಧಿಕಾರಿ ಹುದ್ದೆಗಳಿಗೆ ಈಗ ಹೆಚ್ಚಾಗಿ ಬ್ಯಾಂಕ್ ಸಿಬ್ಬಂದಿಯ ಆಯ್ಕೆ ನಡೆಸುವ ಐಬಿಪಿಎಸ್ ಸಂಸ್ಥೆಯ ಪರೀಕ್ಷೆಯೇ ದಾರಿ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು 2019ರಿಂದ ಕನ್ನಡದಲ್ಲೂ ಬರೆಯಲು ಅವಕಾಶವಿದೆ ಎಂಬುದು ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಮಂದಿಗೆ ಇಂದಿಗೂ ತಿಳಿದಿಲ್ಲ.

ಅಧಿಸೂಚನೆಯನ್ನು ವಾಟ್ಸ್‌ಆ್ಯಪ್ ಫಾರ್ವರ್ಡ್‌ನಿಂದ ಓದಬೇಡಿ. ನೇಮಕಾತಿ ಪರೀಕ್ಷೆ ನಡೆಸುವ ಕೆಪಿಎಸ್‌ಸಿ, ಕೆಇಎ, ಐಬಿಪಿಎಸ್, ಎಸ್‌ಎಸ್‌ಸಿ ಇವುಗಳ ಅಧಿಕೃತ ತಾಣಗಳನ್ನು ಫೋನಿನ ಬ್ರೌಸರ್‌ನಲ್ಲಿ ಬುಕ್‌ಮಾರ್ಕ್ ಮಾಡಿಟ್ಟು ವಾರಕ್ಕೊಮ್ಮೆ ನೋಡಿ. ಕೊನೆಯ ದಿನ ಶುಲ್ಕ ಪಾವತಿ ಸಿಕ್ಕಿಹಾಕಿಕೊಳ್ಳುವುದು ವಾಡಿಕೆಯಾದ್ದರಿಂದ ಮೂರು ದಿನ ಮೊದಲೇ ಅರ್ಜಿ ಮುಗಿಸುವುದು ಕ್ಷೇಮ.

ಕೆಲಸ ಸಿಗುವವರೆಗೆ ಯುವನಿಧಿ ಸಿಗುತ್ತದೆಯೇ?

ಪದವಿ ಅಥವಾ ಡಿಪ್ಲೊಮಾ ಮುಗಿಸಿ 180 ದಿನಗಳಾದರೂ ಕೆಲಸ ಸಿಗದ, ಉನ್ನತ ವ್ಯಾಸಂಗಕ್ಕೂ ಸೇರದ ಅರ್ಹರಿಗೆ ರಾಜ್ಯ ಸರ್ಕಾರ ಪದವೀಧರರಾದರೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದರೆ 1,500 ರೂಪಾಯಿಯನ್ನು ಗರಿಷ್ಠ 2 ವರ್ಷ ಕೊಡುತ್ತದೆ. ಅರ್ಜಿ ಹಾಕುವುದು ರಾಜ್ಯ ಸರ್ಕಾರದ ಸೇವಾ ಸಿಂಧು ತಾಣದಲ್ಲಿ. ಇನ್ನೂ ಕೆಲಸ ಸಿಕ್ಕಿಲ್ಲವೆಂಬ ಸ್ವಯಂ ಘೋಷಣೆಯನ್ನು ಕಾಲಕಾಲಕ್ಕೆ ಸಲ್ಲಿಸದಿದ್ದರೆ ಹಣ ನಿಲ್ಲುತ್ತದೆ. ಫೋನಿನ ಕ್ಯಾಲೆಂಡರಿನಲ್ಲಿ ನೆನಪೋಲೆ ಇಟ್ಟುಕೊಳ್ಳಿ.

ಕೆಲಸ ಕೊಡಿಸುತ್ತೇವೆಂದು ಬರುವ ಸಂದೇಶಗಳಲ್ಲಿ ಸುಳ್ಳನ್ನು ಗುರುತಿಸುವುದು ಹೇಗೆ?

ನನ್ನ ಬಳಿ ಬರುವವರಲ್ಲಿ ಹಣ ಕಳೆದುಕೊಂಡವರು ಓದು ಬಾರದವರಲ್ಲ, ಪದವೀಧರರು. ಮೊದಲು ಯೂಟ್ಯೂಬ್ ವಿಡಿಯೊಗೆ ಲೈಕ್ ಒತ್ತಿದ್ದಕ್ಕೆ ನೂರಿನ್ನೂರು ರೂಪಾಯಿ ನಿಜವಾಗಿಯೇ ಖಾತೆಗೆ ಬರುತ್ತದೆ. ಆಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸುತ್ತಾರೆ, ಅಲ್ಲಿ ಇತರರು ಸಾವಿರಗಟ್ಟಲೆ ಗಳಿಸಿದ ಚಿತ್ರಗಳು ಬೀಳುತ್ತಲೇ ಇರುತ್ತವೆ, ನಂತರ ದೊಡ್ಡ ‘ಟಾಸ್ಕ್’ಗೆ ಮುಂಗಡ ಕಟ್ಟಿ ಎನ್ನುತ್ತಾರೆ. ಕಟ್ಟಿದ ಹಣವನ್ನು ಹಿಂಪಡೆಯಬೇಕಾದರೆ ಮತ್ತಷ್ಟು ಕಟ್ಟಬೇಕು. ಗಾಳದ ತುದಿಯ ಹುಳದ ಹಾಗೆ, ಮೊದಲು ಬಂದ ಆ ಇನ್ನೂರು ರೂಪಾಯಿಯೇ ಇಡೀ ಮೋಸದ ಬಂಡವಾಳ.

ನೋಂದಣಿ ಶುಲ್ಕ, ಸಮವಸ್ತ್ರದ ಹಣ, ಲ್ಯಾಪ್‌ಟಾಪ್ ಠೇವಣಿ, ಹೆಸರು ಯಾವುದೇ ಇರಲಿ, ಕೆಲಸ ಕೊಡುವವರೇ ನಿಮ್ಮಿಂದ ಹಣ ಕೇಳಿದರೆ ಮಾತು ಅಲ್ಲಿಗೆ ಮುಗಿಯಬೇಕು. ಸರ್ಕಾರಿ ಪರೀಕ್ಷಾ ಶುಲ್ಕ ಇದಕ್ಕೆ ಹೊರತು, ಅದೂ ಅಧಿಕೃತ ತಾಣದಲ್ಲೇ. ಸರ್ಕಾರಿ ಇಲಾಖೆಯೆಂದು ಹೇಳಿಕೊಳ್ಳುವ ತಾಣದ ವಿಳಾಸ ‘ಜಿಒವಿ ಡಾಟ್ ಇನ್’ ಅಥವಾ ‘ಎನ್‌ಐಸಿ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆಯೇ ಎಂದು ನೋಡಿ. ಐಬಿಪಿಎಸ್‌ನಂಥ ಕೆಲವು ಸಂಸ್ಥೆಗಳ ವಿಳಾಸ ಬೇರೆ ಇರುವುದರಿಂದ ಅವನ್ನು ಪತ್ರಿಕೆಯ ಜಾಹೀರಾತಿನಿಂದ ಖಚಿತಪಡಿಸಿಕೊಳ್ಳಿ. ‘ಆಫರ್ ಲೆಟರ್’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಕಡತದ ಹೆಸರು ‘ಎಪಿಕೆ’ ಎಂದು ಮುಗಿದರೆ ಅದು ಪತ್ರವಲ್ಲ, ನಿಮ್ಮ ಫೋನಿನೊಳಗೆ ಕೂರಲು ಬಂದ ಆ್ಯಪ್; ಮುಟ್ಟಬೇಡಿ. ಗುರುತಿಗೆ ಆಧಾರ್ ಕೇಳಿದರೆ ಕೊನೆಯ 4 ಅಂಕಿಗಳು ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಇನ್ನೊಂದು ಬಗೆಯ ‘ಕೆಲಸ’ ಇದಕ್ಕಿಂತ ಅಪಾಯಕಾರಿ. ನಿಮ್ಮ ಬ್ಯಾಂಕ್ ಖಾತೆಗೆ ಬರುವ ಹಣವನ್ನು ಬೇರೆಡೆಗೆ ಕಳುಹಿಸಿದರೆ ಕಮಿಷನ್, ಅಥವಾ ಪಾಸ್‌ಬುಕ್ ಮತ್ತು ಸಿಮ್ ಕೊಟ್ಟರೆ ತಿಂಗಳ ಬಾಡಿಗೆ. ಅದು ಬೇರೊಬ್ಬರಿಂದ ದೋಚಿದ ಹಣ. ಪೊಲೀಸರು ಮೊದಲು ಬರುವುದು ಖಾತೆಯಲ್ಲಿ ಹೆಸರಿರುವವರ ಮನೆಗೆ. ಬ್ಯಾಂಕಿನಲ್ಲಿ ಕಳೆದ ವರ್ಷಗಳ ಮೇಲೆ ಆಣೆಯಿಟ್ಟು ಹೇಳುತ್ತೇನೆ, ಖಾತೆಯನ್ನು ಯಾರಿಗೂ ಬಾಡಿಗೆಗೆ ಕೊಡಬೇಡಿ.

ಹಣ ಹೋಗಿದ್ದರೆ ನಾಚಿಕೊಂಡು ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಹಣ ಹೋಗದೆ ಬರೀ ಅನುಮಾನದ ಕರೆ ಬಂದಿದ್ದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ ‘ಚಕ್ಷು’ ವಿಭಾಗದಲ್ಲಿ ದೂರು ಕೊಡಬಹುದು.

ಗಲ್ಫ್ ಕೆಲಸದ ಜಾಹೀರಾತು ಬಂದಿದೆ. ಏಜೆಂಟರನ್ನು ನಂಬಬಹುದೇ?

ನಂಬುವ ಮೊದಲು ಪರಿಶೀಲಿಸಬಹುದು, ಅದಕ್ಕೆ ಫೋನು ಸಾಕು. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಕ್ಕೆ ನೇಮಿಸುವ ಏಜೆಂಟರು ನೋಂದಣಿ ಪಡೆದಿರಬೇಕು, ಅವರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿದೆ. ಅವರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ರಸೀದಿ ಸಹಿತ. ಲಕ್ಷ ಕೇಳಿದವರನ್ನು ಆ ಒಂದೇ ಮಾತಿನಿಂದ ಅಳೆಯಬಹುದು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆ ಅನುಮತಿ ಬೇಕಾದ ವರ್ಗದ್ದಾಗಿರುತ್ತದೆ. ಅಂಥವರು ಸೌದಿ, ಕುವೈತ್, ಯುಎಇ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಪಡೆಯಬೇಕು.

ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಸರಿಮಾಡಿಕೊಳ್ಳೋಣ ಎಂಬ ಮಾತಿಗೆ ಒಪ್ಪಬೇಡಿ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಎಂದು ನಂಬಿಸಿ ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್‌ನ ವಂಚನಾ ಕೇಂದ್ರಗಳಿಗೆ ಯುವಕರನ್ನು ಸಾಗಿಸಿದ ಪ್ರಕರಣಗಳ ಬಗ್ಗೆ ಕೇಂದ್ರ ಸರ್ಕಾರವೇ ಎಚ್ಚರಿಕೆ ನೀಡಿದೆ.

ವಿಡಿಯೊ ಸಂದರ್ಶನದ ನಡುವೆ ಕರೆಂಟ್ ಅಥವಾ ನೆಟ್‌ವರ್ಕ್ ಹೋದರೆ?

ಆಷಾಢದಲ್ಲಿ ಹೋಗಿಯೇ ಹೋಗುತ್ತದೆ ಎಂದು ತಿಳಿದೇ ಸಿದ್ಧರಾಗಿ. ಹಿಂದಿನ ರಾತ್ರಿ ಫೋನನ್ನು ಪೂರ್ತಿ ಚಾರ್ಜ್ ಮಾಡಿ, ವೈಫೈ ಇದ್ದರೂ ಮೊಬೈಲ್ ಡೇಟಾ ಉಳಿಸಿಕೊಳ್ಳಿ, ಸಂದರ್ಶಕರ ಫೋನ್ ಸಂಖ್ಯೆಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ಸಂಪರ್ಕ ಕಡಿದರೆ ಎರಡು ನಿಮಿಷದೊಳಗೆ ಒಂದು ಸಂದೇಶ ಕಳುಹಿಸಿ. ಕಡಿದದ್ದಕ್ಕೆ ಯಾರೂ ಬೇಸರಿಸುವುದಿಲ್ಲ, ಸುಮ್ಮನಾದರೆ ಬೇಸರಿಸುತ್ತಾರೆ. ಹಂಚಿನ ಮಾಡಿನ ಮನೆಯಲ್ಲಿ ಮಳೆಯ ಸದ್ದಿಗೆ ಮಾತು ಕೇಳಿಸದು, ಆದ್ದರಿಂದ ಮೈಕ್ ಇರುವ ಇಯರ್‌ಫೋನ್ ಬೇಕೇ ಬೇಕು. ಬೆಳಕು ಮುಖದ ಮೇಲೆ ಬೀಳುವಂತೆ ಕಿಟಕಿಗೆ ಎದುರಾಗಿ ಕುಳಿತು, ಫೋನನ್ನು ಕೈಯಲ್ಲಿ ಹಿಡಿಯದೆ ಕಣ್ಣಿನ ಮಟ್ಟಕ್ಕೆ ಏನಕ್ಕಾದರೂ ಒರಗಿಸಿಡಿ. ಮನೆಯಲ್ಲಿ ಸಿಗ್ನಲ್ ಸಿಗದ ಸುಳ್ಯ, ಬೈಂದೂರಿನ ಒಳಪ್ರದೇಶದವರು ಒಂದು ದಿನ ಮೊದಲೇ ಪೇಟೆಯ ನೆಂಟರ ಮನೆಯನ್ನೋ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವನ್ನೋ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಹುಡುಗಿಯರು ಫೋನ್ ಸಂಖ್ಯೆಯನ್ನು ತಾಣಗಳಲ್ಲಿ ಹಾಕಿದರೆ ತೊಂದರೆಯಾಗುವುದಿಲ್ಲವೇ?

ತೊಂದರೆ ಆಗುವುದುಂಟು. ಸಾಧ್ಯವಿದ್ದರೆ ಕೆಲಸದ ಹುಡುಕಾಟಕ್ಕೆಂದೇ ಎರಡನೆಯ ಸಿಮ್ ಇರಲಿ, ಅದರ ವಾಟ್ಸ್‌ಆ್ಯಪ್‌ನಲ್ಲಿ ಭಾವಚಿತ್ರ ಅಪರಿಚಿತರಿಗೆ ಕಾಣದಂತೆ ಮಾಡಿಡಿ, ಬಯೋಡಾಟಾದಲ್ಲಿ ಮನೆಯ ಪೂರ್ಣ ವಿಳಾಸದ ಬದಲು ಊರಿನ ಹೆಸರಷ್ಟೇ ಬರೆಯಿರಿ. ಸಂದರ್ಶನಕ್ಕೆ ಲಾಡ್ಜಿಗೋ ಖಾಸಗಿ ಮನೆಗೋ ಕರೆದರೆ ಹೋಗಬಾರದು. ಹೋಗುವ ಸ್ಥಳದ ಲೊಕೇಶನನ್ನು ಮನೆಯವರೊಬ್ಬರಿಗೆ ಕಳುಹಿಸಿಯೇ ಹೊರಡಿ. ತುರ್ತಿಗೆ 112 ಇದೆ.

ಯಾವ ಕೆಲಸ ನನಗೆ ಹೊಂದುತ್ತದೆ ಎಂಬುದೇ ತಿಳಿಯದು. ಮಾರ್ಗದರ್ಶನ ಎಲ್ಲಿ ಸಿಗುತ್ತದೆ?

ಎನ್‌ಸಿಎಸ್ ತಾಣದಲ್ಲಿ ವೃತ್ತಿಗಳ ವಿವರ ಮತ್ತು ಸಲಹೆಗಾರರ ಸೌಲಭ್ಯ ಇವೆ. ಓದಿದ ಕಾಲೇಜಿನ ಉದ್ಯೋಗ ಮಾಹಿತಿ ಘಟಕಕ್ಕೂ ಒಂದು ಸಂದೇಶ ಕಳುಹಿಸಿ ನೋಡಿ. ಹಳೆಯ ವಿದ್ಯಾರ್ಥಿಯೆಂದು ದೂರ ಮಾಡುವವರು ಕಡಿಮೆ. ಐಟಿಐ, ಡಿಪ್ಲೊಮಾ ಮುಗಿಸಿದವರು ನೇರವಾಗಿ ಕೆಲಸವನ್ನೇ ಹುಡುಕುವ ಬದಲು ಅಪ್ರೆಂಟಿಸ್ ತರಬೇತಿಯ ಸರ್ಕಾರಿ ತಾಣಗಳಲ್ಲಿ ನೋಂದಾಯಿಸಿಕೊಂಡರೆ ಶಿಷ್ಯವೇತನದ ಜೊತೆ ಅನುಭವದ ಪ್ರಮಾಣಪತ್ರ ಸಿಗುತ್ತದೆ, ‘ಅನುಭವವಿದೆಯೇ’ ಎಂಬ ಮುಂದಿನ ಪ್ರಶ್ನೆಗೆ ಉತ್ತರವೂ ಆಗುತ್ತದೆ. ಇನ್ನೊಬ್ಬರ ಕೈಕೆಳಗೆ ದುಡಿಯುವುದೇ ಬೇಡವೆನ್ನುವವರಿಗೆ ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಸ್ವಉದ್ಯೋಗದ ತರಬೇತಿಯನ್ನು ಊಟ, ವಸತಿ ಸಹಿತ ಉಚಿತವಾಗಿ ಕೊಡುತ್ತದೆ. ದೇಶದಾದ್ಯಂತ ಬ್ಯಾಂಕುಗಳು ನಡೆಸುವ ಇಂಥ ತರಬೇತಿ ಕೇಂದ್ರಗಳಿಗೆ ಮಾದರಿಯಾದದ್ದು ಇದೇ ಸಂಸ್ಥೆ.

ಮೂವತ್ತು ಅರ್ಜಿ ಹಾಕಿದರೂ ಉತ್ತರವಿಲ್ಲ. ಏಕೆ?

ನನ್ನ ಮೊದಲ ಮರುಪ್ರಶ್ನೆ, ಆ ಮೂವತ್ತು ಯಾವುವು? ಹೆಚ್ಚಿನವರಿಗೆ ನೆನಪಿರುವುದಿಲ್ಲ. ಒಂದೇ ಒತ್ತಿಗೆ ಅರ್ಜಿ ಹೋಗುವ ಸೌಲಭ್ಯದ ದೋಷವೇ ಇದು: ಕಳುಹಿಸಿದವರಿಗೂ ಅದರ ಬೆಲೆ ಇಲ್ಲ, ಪಡೆದವರಿಗೂ ಇಲ್ಲ. ಫೋನಿನ ನೋಟ್ಸ್‌ನಲ್ಲಿ ದಿನಾಂಕ, ಸಂಸ್ಥೆ, ಹುದ್ದೆ, ಕಳುಹಿಸಿದ ಬಯೋಡಾಟಾ, ಮಾತನಾಡಿದವರ ಹೆಸರು ಇಷ್ಟನ್ನು ಬರೆದಿಡಿ. ಹತ್ತು ದಿನದ ಮೇಲೆ ಒಮ್ಮೆ ವಿನಯದಿಂದ ವಿಚಾರಿಸಿ. ಯಾರಾದರೂ ಕರೆ ಮಾಡಿದಾಗ ‘ಯಾವ ಕೆಲಸ ಸಾರ್?’ ಎಂದು ತಡವರಿಸುವವರಿಗೂ, ಟಿಪ್ಪಣಿ ನೋಡಿ ತಕ್ಷಣ ಉತ್ತರಿಸುವವರಿಗೂ ಇರುವ ವ್ಯತ್ಯಾಸ ಆ ಕಡೆಯವರಿಗೆ ಚೆನ್ನಾಗಿ ಕೇಳಿಸುತ್ತದೆ. ಅಪರಿಚಿತ ಸಂಖ್ಯೆಯ ಕರೆಗಳನ್ನು ತಾನಾಗಿ ತಡೆಯುವ ವ್ಯವಸ್ಥೆ ನಿಮ್ಮ ಫೋನಿನಲ್ಲಿ ಚಾಲೂ ಇದ್ದರೆ ಅದನ್ನೂ ಒಮ್ಮೆ ನೋಡಿಕೊಳ್ಳಿ. ಉತ್ತರ ಬಂದು ಬಂದು ವಾಪಸಾಗಿರಲೂಬಹುದು.

ಕೆಲಸ ಸಿಕ್ಕಿತು. ಸೇರುವಾಗ ಏನನ್ನು ಗಮನಿಸಬೇಕು?

ನೇಮಕಾತಿ ಪತ್ರ ಬರಹದಲ್ಲಿರಲಿ, ಇ-ಮೇಲ್ ಆದರೂ ಸರಿ. ಮೂಲ ಮಾರ್ಕ್ಸ್ ಕಾರ್ಡುಗಳನ್ನು ತೋರಿಸಿ ವಾಪಸು ಪಡೆಯಿರಿ, ಅಲ್ಲೇ ಬಿಟ್ಟು ಬರಬೇಡಿ. ಕೆಲಸ ಬಿಡುವ ದಿನ ಅವುಗಳಿಗಾಗಿ ಅಂಗಲಾಚಿದವರನ್ನು ನಾನು ಕಂಡಿದ್ದೇನೆ. ಸಂಬಳದಿಂದ ಭವಿಷ್ಯನಿಧಿಗೆ ಹಣ ಕಡಿತವಾಗುತ್ತಿದ್ದರೆ ನಿಮಗೆ 12 ಅಂಕಿಯ ಯುಎಎನ್, ಅಂದರೆ ಭವಿಷ್ಯನಿಧಿ ಖಾತೆಯ ಗುರುತಿನ ಸಂಖ್ಯೆ, ಇರಲೇಬೇಕು. ಎರಡು ತಿಂಗಳ ನಂತರ ಸರ್ಕಾರದ ಉಮಂಗ್ ಆ್ಯಪ್ ತೆರೆದು, ಕಡಿತವಾದ ಹಣ ನಿಮ್ಮ ಭವಿಷ್ಯನಿಧಿ ಪಾಸ್‌ಬುಕ್‌ಗೆ ಜಮೆಯಾಗಿದೆಯೇ ಎಂದು ನೋಡಿ. ತಾಣಗಳಲ್ಲಿ ‘ಕೆಲಸ ಹುಡುಕುತ್ತಿದ್ದೇನೆ’ ಎಂಬ ಗುರುತನ್ನು ತೆಗೆದುಬಿಡಿ, ಹೊಸ ಮೇಲಧಿಕಾರಿಯ ಕಣ್ಣಿಗೂ ಅದು ಬೀಳುತ್ತದೆ. ಅರ್ಜಿಗಳ ಪಟ್ಟಿಯನ್ನು ಮಾತ್ರ ಅಳಿಸಬೇಡಿ.